ಪಕ್ಕವಾದ್ಯ ನಡುವೆ ಬಂದು ಕುಳಿತಾಗ

ಕರ್ನಾಟಕ ಸಂಗೀತದ ಕಚೇರಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಬಹಳ ಹಿಂದೆಯೇ ತೀರ್ಮಾನವಾಗಿಬಿಟ್ಟಿದೆ. ಹಾಡುವವರು ನಡುವೆ, ಪಿಟೀಲು ಒಂದು ಪಕ್ಕ, ಮೃದಂಗ ಇನ್ನೊಂದು ಪಕ್ಕ. ಘಟ, ಖಂಜಿರ, ಮೋರ್ಚಿಂಗ್ ಇದ್ದರೆ ಅವು ಸಾಮಾನ್ಯವಾಗಿ ಹಿಂದಿನ ಸಾಲಿಗೆ. ಆಮಂತ್ರಣ ಪತ್ರಿಕೆಯಲ್ಲಿಯೂ ಇದೇ ಕ್ರಮ: ಗಾಯಕರ ಹೆಸರು ದಪ್ಪ ಅಕ್ಷರದಲ್ಲಿ, ಉಳಿದವರದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ. ಎರಡು-ಎರಡೂವರೆ ಗಂಟೆಯ ಕಚೇರಿಯಲ್ಲಿ ಲಯವಾದ್ಯಗಳಿಗೆಂದು ಬಿಟ್ಟುಕೊಡುವ ಭಾಗವೆಂದರೆ ತನಿ ಆವರ್ತನ ಒಂದೇ. ಆ ಹೊತ್ತಿಗೆ ಸರಿಯಾಗಿ ಸಭಿಕರಲ್ಲಿ ಕೆಲವರಿಗೆ ಕಾಫಿಯ ನೆನಪಾಗುವುದೂ ಉಂಟು. 'ಪಕ್ಕವಾದ್ಯ' ಎಂಬ ಮಾತೇ ಈ ವಾದಕರ ಸ್ಥಾನವನ್ನು ಹೇಳಿಬಿಡುತ್ತದೆ.

ಈ ಕ್ರಮವನ್ನು ಬದಲಿಸಿದ ಒಂದು ಧ್ವನಿಮುದ್ರಿಕೆ 1983ರಲ್ಲಿ ಜರ್ಮನಿಯಿಂದ ಹೊರಬಂತು. ಅದರ ಹೆಸರು 'ಜ್ಯೋತಿ'. ಅದರಲ್ಲಿ ಭಾಗವಹಿಸಿದ ಐವರಲ್ಲಿ ನಾಲ್ವರು ಬೆಂಗಳೂರಿನ ತಂಡದವರು. ತಂಡದ ಹೆಸರಿನಲ್ಲೇ ನಮ್ಮ ನಾಡಿನ ಹೆಸರಿದೆ: ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಐದನೆಯವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ. ಯುರೋಪಿನ ಜಾಜ್ ಮತ್ತು ರಾಕ್ ಸಂಗೀತದ ಶ್ರೋತೃಗಳಲ್ಲಿ ಈ ಮುದ್ರಿಕೆಯನ್ನು ಬಲ್ಲವರಿದ್ದಾರೆ. ಕರ್ನಾಟಕದಲ್ಲಿ ಅದರ ಹೆಸರು ಹೇಳಿದರೆ ತಲೆಯಾಡಿಸುವವರು ವಿರಳ.

ಪಶ್ಚಿಮದಲ್ಲಿ 'ಇಂಡಿ' ಎಂಬ ಮಾತೊಂದಿದೆ. ದೊಡ್ಡ ಕಂಪೆನಿಗಳ ಹಂಗಿಲ್ಲದೆ, ಸಣ್ಣ ಸ್ವತಂತ್ರ ಸಂಸ್ಥೆಗಳು ಹೊರತರುವ ಸಂಗೀತಕ್ಕೆ ಅದು ಹೆಸರು. 1990ರ ದಶಕದಲ್ಲಿ ಇಂಥ ರಾಕ್ ಆಲ್ಬಂಗಳು ಅಲ್ಲಿ ರಾಶಿ ರಾಶಿಯಾಗಿ ಬಂದವು. 'ಸಲ್ಲಬೇಕಾದ ಮನ್ನಣೆ ಸಲ್ಲದೇ ಹೋಯಿತು' ಎಂದು ಹಳಹಳಿಸುವ ಒಂದಾದರೂ ಆಲ್ಬಂ ಅಲ್ಲಿನ ಪ್ರತಿಯೊಬ್ಬ ರಸಿಕನ ಬಳಿ ಇರುತ್ತದೆ. ಅಂಥ ಮಾತನ್ನು ನಮ್ಮಲ್ಲಿ ಯಾವುದರ ಬಗ್ಗೆ ಹೇಳಬಹುದು ಎಂದು ಹುಡುಕಿದರೆ ಮೊದಲು ಸಿಗುವುದು ಈ 'ಜ್ಯೋತಿ'. ಅದು ಶುದ್ಧ ರಾಕ್ ಅಲ್ಲ, ಬಂದದ್ದು ತೊಂಬತ್ತರ ದಶಕಕ್ಕಿಂತ ಏಳು ವರ್ಷ ಮೊದಲು, ನಿಜ. ಆದರೆ ಅದರ ಹಿಂದೆ ರಾಕ್ ತಂಡಗಳ ಓಡಾಟವಿದೆ, ಅದನ್ನು ಹೊರತಂದದ್ದು ಸ್ವತಂತ್ರ ಸಂಸ್ಥೆ, ಮತ್ತು ಅದಕ್ಕೆ ಸಲ್ಲಬೇಕಾದ್ದು ಇನ್ನೂ ಬಾಕಿ ಇದೆ.

ಬೆಂಗಳೂರಿನ ಲಯಶಾಲೆ

ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಆರಂಭಿಸಿದ್ದು 1964ರಲ್ಲಿ. ಲಯವಾದ್ಯಗಳಿಗಾಗಿಯೇ ಒಂದು ಶಾಲೆ ಎಂಬುದು ಅಂದು ಸಣ್ಣ ಮಾತಾಗಿರಲಿಲ್ಲ. ಮೃದಂಗವನ್ನು ಗುರುವಿನ ಮನೆಯಲ್ಲಿ ಕೂತು ಕಲಿಯುವುದು ವಾಡಿಕೆ. ಕಲಿತ ಮೇಲೆ ಗಾಯಕರ ಪಕ್ಕದಲ್ಲಿ ಕೂರುವುದು ಗುರಿ. ಮಣಿ ಅವರು ಕಲಿಸುವುದರ ಜತೆಗೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೃದಂಗ, ಘಟ, ಖಂಜಿರ, ಮೋರ್ಚಿಂಗ್ ಮೊದಲಾದವನ್ನು ಒಟ್ಟುಗೂಡಿಸಿ, ಲಯವೇ ಪ್ರಧಾನವಾದ ಕಚೇರಿಗಳನ್ನು ಕಟ್ಟಿದರು. 'ತಾಳ ತರಂಗಿಣಿ' ಎಂಬುದು ಆ ವಾದ್ಯವೃಂದದ ಹೆಸರು.

ಈ ವೃಂದದ ಕಂಠ ಮಣಿಯವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ ಅವರದು. ಕಂಠವೆಂದರೆ ಬರಿಯ ಗಾಯನವಲ್ಲ, ರಚನೆಯೂ ಅವರದೇ. ಶಾಸ್ತ್ರೀಯ ಗಾಯನದಲ್ಲಿ ನುರಿತ ರಮಾಮಣಿ ಲಯದ ಲೆಕ್ಕಾಚಾರದಲ್ಲಿಯೂ ತಾಳವಾದ್ಯದವರಿಗೆ ಸಮಸಮನಾಗಿ ನಿಲ್ಲಬಲ್ಲವರು. ಹೊಸ ಹೊಸ ತಾಳಗಳಿಗೆ ಹೊಂದುವಂತೆ ಸ್ವರಗುಚ್ಛಗಳನ್ನು ಹೆಣೆದು, ಅವನ್ನು ಒಂದು ಪೂರ್ಣ ಕೃತಿಯಾಗಿ ಬೆಳೆಸುವುದು ಅವರ ಹಾದಿ.

ಈ ಶಾಲೆಗೆ ಬಂದ ವಿದ್ಯಾರ್ಥಿಗಳ ಪೈಕಿ ಒಬ್ಬರ ಕಥೆ ಸ್ವಾರಸ್ಯಕರವಾಗಿದೆ. 1970ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ 'ಹ್ಯೂಮನ್ ಬಾಂಡೇಜ್' ಎಂಬ ರಾಕ್ ತಂಡವಿತ್ತು. ಅದರ ಡ್ರಮ್ ವಾದಕ ರಮೇಶ್ ಶೋಥಂ. ಪಾಶ್ಚಾತ್ಯ ಡ್ರಮ್ ಸೆಟ್‌ನಲ್ಲಿ ಹೆಸರು ಮಾಡಿದ್ದ ಅವರು ಆಮೇಲೆ ಮಣಿಯವರ ಶಾಲೆ ಸೇರಿ ತವಿಲ್ ಅಭ್ಯಾಸ ಮಾಡಿದರು. ಮುಂದೆ ಜರ್ಮನಿಯ ಕಲೋನ್ ನಗರದಲ್ಲಿ ನೆಲೆಸಿ, ಯುರೋಪಿನ ಜಾಜ್ ವಲಯದಲ್ಲಿ ದಕ್ಷಿಣ ಭಾರತದ ಲಯವನ್ನು ಬಿತ್ತಿದವರಲ್ಲಿ ಒಬ್ಬರಾದರು. ರಾಕ್ ಸಂಗೀತದವನೊಬ್ಬ ತವಿಲ್ ಕಲಿಯಲು ಬಂದು ಕೂರಬಹುದಾದ ಜಾಗ ಅಂದಿನ ಬೆಂಗಳೂರಿನಲ್ಲಿ ಇತ್ತು ಎಂಬುದನ್ನು ಇದು ತೋರಿಸುತ್ತದೆ.

ನಾಗಸ್ವರಕ್ಕೆ ಮನಸೋತ ಜಾಜ್ ವಾದಕ

ಚಾರ್ಲಿ ಮರಿಯಾನೊ ಹುಟ್ಟಿದ್ದು 1923ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ಜಾಜ್ ಲೋಕದಲ್ಲಿ ಅವರದು ಆಗಲೇ ಗಟ್ಟಿಯಾಗಿ ನೆಲೆಯೂರಿದ ಹೆಸರು. ಚಾರ್ಲ್ಸ್ ಮಿಂಗಸ್ ಅವರ 1963ರ ಪ್ರಸಿದ್ಧ ಆಲ್ಬಂ 'ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ'ಯಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದವರು ಅವರೇ. ಬಾಸ್ಟನ್‌ನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಪಾಠ ಹೇಳಿದವರು. ಆ ಹಾದಿಯಲ್ಲೇ ಮುಂದುವರಿದಿದ್ದರೆ ಅವರಿಗೆ ಯಾವ ಕೊರತೆಯೂ ಇರುತ್ತಿರಲಿಲ್ಲ.

ತಿರುವು ಬಂದದ್ದು ಮಲೇಷ್ಯಾದಲ್ಲಿ. 1960ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ರೇಡಿಯೊ ವಾದ್ಯವೃಂದಕ್ಕೆ ತರಬೇತಿ ನೀಡಲು ಹೋಗಿದ್ದಾಗ ಅವರು ನಾಗಸ್ವರ ಕೇಳಿದರು. ಮಲೇಷ್ಯಾದ ತಮಿಳರ ದೇವಸ್ಥಾನಗಳಲ್ಲಿ ಆ ವಾದ್ಯ ಬಳಕೆಯಲ್ಲಿದೆ. ಕೇಳಿದವರು ಸುಮ್ಮನಾಗಲಿಲ್ಲ, ಕಲಿಯಲು ತೊಡಗಿದರು. 1970ರ ದಶಕದ ಆರಂಭದಲ್ಲಿ ದಕ್ಷಿಣ ಭಾರತಕ್ಕೆ ಬಂದು, ಹಳ್ಳಿಯೊಂದರಲ್ಲಿ ಉಳಿದು ಅಭ್ಯಾಸ ಮುಂದುವರಿಸಿದರು. ಆಗ ಅವರಿಗೆ ಐವತ್ತರ ಆಸುಪಾಸು. ಅಷ್ಟು ಹೆಸರು ಮಾಡಿದ ವಾದಕ ಆ ವಯಸ್ಸಿನಲ್ಲಿ ಮತ್ತೆ ಸರಳೆ ವರಸೆಯ ವಿದ್ಯಾರ್ಥಿಯಂತೆ ಕೂರುವುದು ಸುಲಭದ ಮಾತಲ್ಲ.

ನಾಗಸ್ವರ ಕಲಿತದ್ದರಿಂದ ಅವರ ಸ್ಯಾಕ್ಸೊಫೋನ್‌ಗೆ ಏನು ಲಾಭವಾಯಿತು ಎಂಬುದನ್ನು ತಿಳಿಯಲು ಎರಡೂ ವಾದ್ಯಗಳ ರಚನೆಯನ್ನು ನೋಡಬೇಕು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಸ್ವಾಮ್ಯ ಪಡೆದ ಸ್ಯಾಕ್ಸೊಫೋನ್‌ನಲ್ಲಿ ರಂಧ್ರಗಳನ್ನು ಮುಚ್ಚಲು ಲೋಹದ ಕೀಲಿಗಳಿವೆ. ಒಂದು ಕೀಲಿ ಒತ್ತಿದರೆ ಒಂದು ಸ್ವರ, ಇನ್ನೊಂದಕ್ಕೆ ಇನ್ನೊಂದು, ಮೆಟ್ಟಿಲು ಹತ್ತಿದಂತೆ. ನಮ್ಮ ಸಂಗೀತಕ್ಕೆ ಮೆಟ್ಟಿಲು ಸಾಲದು, ಜಾರುವ ದಾರಿಯೂ ಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಸಾಗುವಾಗಿನ ಓಲಾಟ, ಕಂಪನ, ಜಾರು, ಇವೆಲ್ಲ ಸೇರಿದ ಗಮಕವಿಲ್ಲದೆ ರಾಗದ ಮುಖವೇ ಕಾಣದು. ನಾಗಸ್ವರದಲ್ಲಿ ಕೀಲಿಗಳಿಲ್ಲ. ತುಟಿ, ಉಸಿರು, ಬೆರಳಿನ ಸೂಕ್ಷ್ಮ ಹೊಂದಾಣಿಕೆಯಿಂದಲೇ ಗಮಕ ಹುಟ್ಟಬೇಕು. ಮರಿಯಾನೊ ಅಲ್ಲಿ ಕಲಿತ ತುಟಿಯ ವಿದ್ಯೆಯನ್ನು ಸ್ಯಾಕ್ಸೊಫೋನ್‌ಗೆ ತಂದರು.

ಇದೇ ಹೊತ್ತಿನಲ್ಲಿ ನಮ್ಮ ಕರಾವಳಿಯಲ್ಲಿ ಒಬ್ಬರು ಇದೇ ದಾರಿಯನ್ನು ಎದುರು ದಿಕ್ಕಿನಿಂದ ಸವೆಸುತ್ತಿದ್ದರು. ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ವರ್ಷಗಟ್ಟಲೆ ಶ್ರಮಿಸಿ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಒಬ್ಬರು ಸ್ಯಾಕ್ಸೊಫೋನ್‌ನಿಂದ ನಾಗಸ್ವರಕ್ಕೆ, ಇನ್ನೊಬ್ಬರು ನಾಗಸ್ವರದಿಂದ ಸ್ಯಾಕ್ಸೊಫೋನ್‌ಗೆ. ಕದ್ರಿಯವರನ್ನು ನಾಡು ಗುರುತಿಸಿತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಉತ್ಸವದಲ್ಲಿ ಅವರು ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. ಮರಿಯಾನೊ ಅವರು ನಮ್ಮವರೊಡನೆ ಮಾಡಿದ ಕೆಲಸಕ್ಕೆ ಆ ಭಾಗ್ಯ ಇಲ್ಲಿ ಸಿಗಲಿಲ್ಲ.

ರಾಕ್ ತಂಡದವರ ಬಸ್ಸು

ಮಣಿ-ರಮಾಮಣಿ ಅವರ ಹೆಸರು ಜರ್ಮನಿಯಲ್ಲಿ ಪರಿಚಿತವಾಗಲು ರಾಕ್ ಸಂಗೀತಗಾರರೂ ಕಾರಣರು. ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಬುರ್ಖಾರ್ಡ್ ನೇತೃತ್ವದ 'ಎಂಬ್ರಿಯೊ' ಎಂಬ ತಂಡವಿತ್ತು. ರಾಕ್ ಮತ್ತು ಜಾಜ್ ಬೆರೆಸಿ ನುಡಿಸುತ್ತಿದ್ದ ಈ ತಂಡ 1978-79ರಲ್ಲಿ ಬಸ್ಸಿನಲ್ಲಿ ಜರ್ಮನಿಯಿಂದ ಹೊರಟು, ರಸ್ತೆ ಮಾರ್ಗವಾಗಿಯೇ ಭಾರತಕ್ಕೆ ಬಂತು. ದಾರಿಯುದ್ದಕ್ಕೂ ಸ್ಥಳೀಯ ಸಂಗೀತಗಾರರ ಜತೆ ಕೂತು ನುಡಿಸುವುದೇ ಅವರ ಕಾರ್ಯಕ್ರಮ. ಮರಿಯಾನೊ ಕೂಡ ಎಂಬ್ರಿಯೊ ತಂಡದ ಜತೆ ನುಡಿಸಿದವರೇ. ಎಂಬ್ರಿಯೊದಿಂದ ಹೊರಬಂದ ಮೂವರು 1981ರಲ್ಲಿ 'ಡಿಸಿಡೆಂಟನ್' ಎಂಬ ಇನ್ನೊಂದು ತಂಡ ಕಟ್ಟಿದರು. ಅವರ ಮೊದಲ ಆಲ್ಬಂ 1982ರ 'ಜರ್ಮನಿಸ್ತಾನ್'. ಅದರಲ್ಲಿಯೂ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಪಾಲಿದೆ.

ಹೀಗಾಗಿ 'ಜ್ಯೋತಿ' ಮುದ್ರಣವಾಗುವ ಹೊತ್ತಿಗೆ ಬೆಂಗಳೂರಿನ ಈ ಕಲಾವಿದರಿಗೆ ಹೊರಗಿನವರೊಡನೆ ನುಡಿಸುವುದು ಹೊಸತಾಗಿರಲಿಲ್ಲ. ರಾಕ್ ತಂಡದ ಜತೆ ನುಡಿಸಿದಾಗ ಗಿಟಾರು, ಡ್ರಮ್ಮುಗಳ ಅಬ್ಬರದ ನಡುವೆ ಮೃದಂಗ, ಘಟಗಳು ಒಂದು ಬಣ್ಣವಾಗಿ ಸೇರಿಹೋಗುವ ಅಪಾಯವಿರುತ್ತದೆ. 'ಜ್ಯೋತಿ'ಯಲ್ಲಿ ಆ ಅಬ್ಬರವನ್ನು ಪೂರ್ತಿ ತೆಗೆದುಹಾಕಲಾಯಿತು.

ಮುದ್ರಣ ನಡೆದದ್ದು 1983ರ ಫೆಬ್ರವರಿಯಲ್ಲಿ, ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಪಟ್ಟಣದ ಬಾವರ್ ಸ್ಟುಡಿಯೋದಲ್ಲಿ. ಹೊರತಂದದ್ದು ಮ್ಯೂನಿಕ್‌ನ ಇಸಿಎಂ. ಮಾನ್‌ಫ್ರೆಡ್ ಐಷರ್ 1969ರಲ್ಲಿ ಆರಂಭಿಸಿದ ಈ ಸ್ವತಂತ್ರ ಸಂಸ್ಥೆ ಜಾಜ್ ರಸಿಕರಿಗೆ ಚಿರಪರಿಚಿತ. ಕೀತ್ ಜಾರೆಟ್ ಅವರ ಒಂಟಿ ಪಿಯಾನೊ ಕಚೇರಿಯ ಮುದ್ರಿಕೆ 'ದಿ ಕಲೋನ್ ಕಾನ್ಸರ್ಟ್' ಬಂದದ್ದು ಇಲ್ಲಿಂದಲೇ, 1975ರಲ್ಲಿ. ಸದ್ದಿನಷ್ಟೇ ನಿಶ್ಶಬ್ದಕ್ಕೂ ಬೆಲೆ ಕೊಡುವುದು ಇಸಿಎಂ ಮುದ್ರಿಕೆಗಳ ಲಕ್ಷಣ. ಒಂದೊಂದು ವಾದ್ಯದ ಸುತ್ತ ಒಂದಿಷ್ಟು ಬಯಲು ಬಿಟ್ಟಂತೆ ಕೇಳಿಸುತ್ತದೆ. ಬೆರಳು ಚರ್ಮಕ್ಕೆ ತಾಗುವ ಸದ್ದಿನಿಂದ ಹಿಡಿದು ಅದು ಅಡಗುವವರೆಗಿನ ಎಲ್ಲವೂ ಮುಖ್ಯವಾದ ಮೃದಂಗ, ಘಟಗಳಂಥ ವಾದ್ಯಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಏನಿದೆ, ಏನಿಲ್ಲ

'ಜ್ಯೋತಿ'ಯನ್ನು ಅರಿಯಲು ಅದರಲ್ಲಿ ಏನಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಗಿಟಾರ್ ಇಲ್ಲ, ಪಿಯಾನೊ ಇಲ್ಲ, ಡ್ರಮ್ ಸೆಟ್ ಇಲ್ಲ, ಮಂದ್ರದಲ್ಲಿ ಗುಂಯ್‌ಗುಡುವ ಬಾಸ್ ಇಲ್ಲ. ಇರುವುದು ರಮಾಮಣಿ ಅವರ ಕಂಠ ಮತ್ತು ತಂಬೂರಿ, ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಚಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ರಾಜಗೋಪಾಲ್-ಶಶಿಕುಮಾರ್ ಇಬ್ಬರ ಕೊನ್ನಕ್ಕೋಲ್. ಇವರ ನಡುವೆ ಮರಿಯಾನೊ ಅವರ ಸೊಪ್ರಾನೊ ಹಾಗೂ ಆಲ್ಟೊ ಸ್ಯಾಕ್ಸೊಫೋನ್ ಮತ್ತು ಕೊಳಲು.

ಈ 'ಇಲ್ಲ'ಗಳ ಮಹತ್ವ ದೊಡ್ಡದು. ಜಾಜ್ ವಾದಕನ ಕಾಲ ಕೆಳಗಿನ ನೆಲವೆಂದರೆ ಸ್ವರಮೇಳಗಳು, ಅಂದರೆ ಏಕಕಾಲಕ್ಕೆ ಮೂರು-ನಾಲ್ಕು ಸ್ವರ ಹೊಮ್ಮಿಸುವ ಪಿಯಾನೊ ಅಥವಾ ಗಿಟಾರಿನ ಆಸರೆ. ಆ ಮೇಳ ಬದಲಾದಂತೆ ಅವನ ಮನೋಧರ್ಮವೂ ದಿಕ್ಕು ಬದಲಿಸುತ್ತದೆ. ನಮ್ಮ ಸಂಗೀತಕ್ಕೆ ಬೇಕಿರುವುದು ಒಂದು ಶ್ರುತಿ, ಅದು ಬದಲಾಗುವುದಿಲ್ಲ. ಪೂರ್ವ-ಪಶ್ಚಿಮಗಳ ಬೆಸುಗೆ ಎಂದು ಹೇಳಿಕೊಳ್ಳುವ ಅನೇಕ ಮುದ್ರಿಕೆಗಳಲ್ಲಿ ನಮ್ಮ ರಾಗದ ಅಡಿಗೆ ಪಶ್ಚಿಮದ ಸ್ವರಮೇಳದ ಹಾಸು ಹಾಸಿರುತ್ತಾರೆ. ಅದರಿಂದ ಪಶ್ಚಿಮದ ಕಿವಿಗೆ ಅನುಕೂಲವಾಗುತ್ತದೆ, ರಾಗ ಮಾತ್ರ ತನ್ನ ಮನೆಯಲ್ಲೇ ಬಾಡಿಗೆಗೆ ಇದ್ದಂತೆ ಕೇಳಿಸುತ್ತದೆ. 'ಜ್ಯೋತಿ'ಯಲ್ಲಿ ಹಾಗೆ ಹಾಸು ಹಾಸುವ ವಾದ್ಯವೇ ಇಲ್ಲ. ಅತಿಥಿಯಾಗಿ ಬಂದ ಮರಿಯಾನೊ ಮನೆಯವರ ಪದ್ಧತಿಗೆ ಹೊಂದಿಕೊಂಡು ಎಲೆಯ ಮುಂದೆ ಕುಳಿತಿದ್ದಾರೆ.

ಮುದ್ರಿಕೆಯಲ್ಲಿ ಆರು ಭಾಗಗಳಿವೆ. ಮೊದಲನೆಯದು ಒಂಟಿ ಕಂಠ. ಹೆಸರೂ ಹಾಗೆಯೇ, 'ವಾಯ್ಸ್ ಸೋಲೊ'. ಜಾಜ್ ವಾದಕನ ಹೆಸರಿನಲ್ಲಿ ಬಂದ ಮುದ್ರಿಕೆಯನ್ನು ಕೊಂಡವರು ಸೂಜಿ ಇಟ್ಟೊಡನೆ ಕೇಳುವುದು ಸ್ಯಾಕ್ಸೊಫೋನನ್ನಲ್ಲ, ರಮಾಮಣಿ ಅವರ ಕಂಠವನ್ನು. ಈ ಸಂಗೀತ ಯಾರ ನೆಲದ್ದು ಎಂಬುದು ಅಲ್ಲಿಗೇ ನಿಶ್ಚಯವಾಗಿಬಿಡುತ್ತದೆ. ಬಳಿಕ 'ವಂದನಂ', 'ವರ್ಷಿಣಿ', 'ಸಪ್ತರ್ಷಿ', 'ಕಾರ್ತಿಕ್' ಬಂದು, ಕೊನೆಗೆ 'ಭಜನ್'. ರಚನೆಗಳಲ್ಲಿ ಹೆಚ್ಚಿನವು ರಮಾಮಣಿ ಅವರವು.

ಬಾಯಿಯಲ್ಲಿ ಮೃದಂಗ

ಈ ಮುದ್ರಿಕೆಯ ಜೀವ ಲಯದಲ್ಲಿದೆ. ಅದರ ಒಳಗಿನ ಲೆಕ್ಕ ಸ್ವಲ್ಪ ತಿಳಿದರೆ ಕೇಳುವ ಸುಖ ಇಮ್ಮಡಿಯಾಗುತ್ತದೆ. ಮೃದಂಗದ ಪ್ರತಿಯೊಂದು ಪೆಟ್ಟಿಗೂ ಒಂದು ಸೊಲ್ಲು, ಅಂದರೆ ಬಾಯಿಯಲ್ಲಿ ಹೇಳುವ ಅಕ್ಷರವಿದೆ. ಈ ಸೊಲ್ಲುಗಳನ್ನು ತಾಳಕ್ಕೆ ಸರಿಯಾಗಿ, ವೇಗವಾಗಿ ನುಡಿಯುವ ಕಲೆಯೇ ಕೊನ್ನಕ್ಕೋಲ್. ಮೂರರ ಗುಂಪು 'ತಕಿಟ', ನಾಲ್ಕರದು 'ತಕಧಿಮಿ', ಐದರದು 'ತಕತಕಿಟ', ಏಳರದು 'ತಕಿಟತಕಧಿಮಿ', ಒಂಬತ್ತರದು 'ತಕಧಿಮಿತಕತಕಿಟ'. ತಿಸ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಐದು ಜಾತಿಗಳು ಇವೇ.

ಆಟ ಇರುವುದು ಇವನ್ನು ಹೊಂದಿಸುವುದರಲ್ಲಿ. ಎಂಟು ಎಣಿಕೆಯ ಆದಿತಾಳದಲ್ಲಿ ಒಂದೊಂದು ಎಣಿಕೆಗೆ ನಾಲ್ಕು ಮಾತ್ರೆಯಂತೆ ಒಂದು ಆವರ್ತನಕ್ಕೆ 32 ಮಾತ್ರೆ; ಅರ್ಧಕ್ಕೆ 16. ಆವರ್ತನದ ಉತ್ತರಾರ್ಧದಲ್ಲಿ 'ತದಿಗಿಣತೊಂ' ಎಂಬ ಐದಕ್ಷರದ ಸೊಲ್ಲನ್ನು ಮೂರು ಸಲ ನುಡಿದರೆ 15. ಒಂದು ಮಾತ್ರೆ ಉಳಿಯಿತು. ಅದನ್ನು ಮೊದಲಿಗೇ ಸುಮ್ಮನೆ ಬಿಟ್ಟು ಆರಂಭಿಸಿದರೆ ಮೂರನೆಯ 'ತೊಂ' ಮುಗಿಯುವುದಕ್ಕೂ ತಾಳದ ಸಮ ಬಂದು ಬೀಳುವುದಕ್ಕೂ ಸರಿಹೋಗುತ್ತದೆ. ನಾಲ್ಕರ ನಡಿಗೆಯ ಮೇಲೆ ಐದರ ಸವಾರಿ. ನಡುವೆ ಕೇಳುವವರಿಗೆ ತಾಳ ತಪ್ಪಿತೇನೋ ಎಂಬ ಆತಂಕ. ಸಮಕ್ಕೆ ಬಂದು ಕೂಡಿದಾಗ ಒಂದು ನಿಟ್ಟುಸಿರು. ಇದು ತೀರ ಸರಳ ಉದಾಹರಣೆ. ನುರಿತವರು ಇಂಥ ಮುಕ್ತಾಯಗಳನ್ನು ಹಲವು ಆವರ್ತನಗಳ ಉದ್ದಕ್ಕೆ ಎಳೆದು, ಬೇರೆ ಬೇರೆ ವಾದ್ಯಗಳಿಗೆ ಹಂಚಿ, ಕೊನೆಗೆ ಎಲ್ಲರೂ ಒಂದೇ ಬಿಂದುವಿನಲ್ಲಿ ಕೂಡುವಂತೆ ಮಾಡುತ್ತಾರೆ.

ಇದಕ್ಕೆ ಸಂಗೀತಶಾಲೆಯ ಪಾಠ ಆಗಿರಲೇಬೇಕೆಂದಿಲ್ಲ. ಬೀದರ ಜಿಲ್ಲೆಯ ದುಬಲಗುಂಡಿಯಂಥ ಊರಿನಲ್ಲಿ ಭಜನೆ ಮಂಡಳಿಯ ಜತೆ ರಾತ್ರಿ ಕಳೆದವರಿಗೆ, ಮೆರವಣಿಗೆಯ ಹಲಗೆಯ ಸದ್ದಿಗೆ ಕಾಲು ಹಾಕಿದವರಿಗೆ ಸಮ ಎಲ್ಲಿ ಬೀಳುತ್ತದೆ ಎಂಬುದು ಮೈಯಲ್ಲೇ ತಿಳಿದಿರುತ್ತದೆ. ನಡೆ ಏರಿದಾಗ ಚಪ್ಪಾಳೆ ತಾನಾಗಿ ಬಿಗಿಯಾಗುತ್ತದೆ. 'ಜ್ಯೋತಿ' ಮುಗಿಯುವುದು ಭಜನೆಯೊಂದಿಗೆ ಎಂಬುದನ್ನು ಇಲ್ಲಿ ನೆನೆಯಬಹುದು. ಐದು, ಏಳು, ಒಂಬತ್ತರ ಲೆಕ್ಕಗಳನ್ನೆಲ್ಲ ದಾಟಿ ಬಂದು ಕೂರುವುದು ಎಲ್ಲರೂ ಬಲ್ಲ ಆ ಜಗುಲಿಯಲ್ಲಿ.

ಇಲ್ಲಿ ಮರಿಯಾನೊ ಅವರ ಹೆಚ್ಚುಗಾರಿಕೆಯನ್ನೂ ಹೇಳಬೇಕು. ಜಾಜ್ ವಾದಕರಿಗೆ ನಾಲ್ಕರ ಎಣಿಕೆ ರಕ್ತಗತ. ತಾಳವಾದ್ಯದವರು ಕಟ್ಟಿದ ಚೌಕಟ್ಟಿನೊಳಗೆ, ರಮಾಮಣಿ ಹಾಡಿದ ಸಾಲಿಗೆ ಜತೆಯಾಗಿಯೂ ಉತ್ತರವಾಗಿಯೂ ನುಡಿಸಬೇಕಾದರೆ ಆ ಎಣಿಕೆಯನ್ನು ಮರೆತು ಬೇರೆಯದನ್ನು ಮೈಗೂಡಿಸಿಕೊಳ್ಳಬೇಕು. ಹಾಗೆಂದು ಅವರು ಕರ್ನಾಟಕ ಸಂಗೀತಗಾರನ ವೇಷ ಹಾಕುವುದಿಲ್ಲ. ಅವರ ಸ್ಯಾಕ್ಸೊಫೋನಿನ ನಾದದಲ್ಲಿ ಜಾಜ್‌ನ ಅಳಲು ಹಾಗೆಯೇ ಇದೆ. ನುಡಿ ಬೇರೆಯದಾದರೂ ದನಿ ತನ್ನದೇ.

ದೋಷಗಳೇ ಇಲ್ಲವೆಂದಲ್ಲ. ರಾಗಾಲಾಪನೆಯ ವಿಸ್ತಾರಕ್ಕೆ ಒಗ್ಗಿದ ಶಾಸ್ತ್ರೀಯ ರಸಿಕರಿಗೆ ಇಲ್ಲಿ ರಾಗ ಅರೆಹೊಟ್ಟೆಯಲ್ಲಿ ಎದ್ದುಹೋದಂತೆ ಕಾಣಬಹುದು. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಇಪ್ಪತ್ತು ನಿಮಿಷವೇ ಮಿತಿ. ಅದರಲ್ಲಿ ಆರು ಭಾಗಗಳನ್ನು ತುಂಬಬೇಕಾದಾಗ ಇದು ಅನಿವಾರ್ಯ. ಜಾಜ್‌ನವರಿಗೆ ಇದು ತೀರ ಸಂಯಮದ್ದೆನಿಸಬಹುದು. ಇಬ್ಬರಿಗೂ ಸ್ವಲ್ಪ ಸ್ವಲ್ಪ ಅತೃಪ್ತಿ ಉಳಿಸುವುದು ಇಂಥ ಪ್ರಯೋಗಗಳ ಹಣೆಬರಹ.

ಯಾವ ಕಪಾಟಿಗೆ ಸೇರಿಸುವುದು?

ಲಯವನ್ನು ಮುಂದಿಟ್ಟ ಪೂರ್ವ-ಪಶ್ಚಿಮ ಸಂಗಮ ಎಂದೊಡನೆ ಎಲ್ಲರಿಗೂ ನೆನಪಾಗುವುದು 'ಶಕ್ತಿ'. ಜಾನ್ ಮೆಕ್‌ಲಾಗ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಅವರಿದ್ದ ಆ ತಂಡ 1970ರ ದಶಕದಲ್ಲಿ ಮೂರು ಆಲ್ಬಂ ತಂದು ಲೋಕವನ್ನು ಬೆರಗುಗೊಳಿಸಿತು. ಅದರ ಹಿಂದೆ ದೊಡ್ಡ ಅಮೆರಿಕನ್ ಕಂಪೆನಿಯ ಬಲವಿತ್ತು, ಮೆಕ್‌ಲಾಗ್ಲಿನ್ ಅವರ ತಾರಾಮೌಲ್ಯವಿತ್ತು. ಮಿಂಚಿನ ವೇಗದ ಸವಾಲ್-ಜವಾಬು ಅದರ ಆಕರ್ಷಣೆ. 'ಜ್ಯೋತಿ' ಇದಕ್ಕಿಂತ ಸಾವಧಾನದ್ದು, ಮತ್ತು ಅದರ ಕೇಂದ್ರದಲ್ಲಿರುವುದು ಒಬ್ಬ ಮಹಿಳೆಯ ಕಂಠ ಹಾಗೂ ಆಕೆಯದೇ ರಚನೆ. ಆ ಕಾಲದ ಇಂಥ ಪ್ರಯೋಗಗಳಲ್ಲಿ ಇದು ಅಪರೂಪದ ಸಂಗತಿ. ಈ ಒಂದು ಕಾರಣಕ್ಕಾದರೂ ಅದು ಚರ್ಚೆಯಾಗಬೇಕಿತ್ತು.

ಆಗಲಿಲ್ಲವೇಕೆ? ಮುಖ್ಯ ಕಾರಣ ಹೆಸರಿನದು. ಮುದ್ರಿಕೆಯಲ್ಲಿ ಮರಿಯಾನೊ ಹೆಸರು ಮೊದಲು. ಅಂಗಡಿಯವರು, ಗ್ರಂಥಾಲಯದವರು, ವಿಮರ್ಶಕರು ಎಲ್ಲರೂ ಅದನ್ನು ಅವರ ಹೆಸರಿನಡಿಯಲ್ಲೇ ಸೇರಿಸಿದರು. ಜಾಜ್ ಚರಿತ್ರೆಯಲ್ಲಿ ಅದು 'ಮರಿಯಾನೊ ಅವರ ಭಾರತೀಯ ಪ್ರಯೋಗ'. ಹಾಗೆ ನೋಡಿದಾಗ ನಾಲ್ವರು ಬೆಂಗಳೂರಿಗರು ಮತ್ತೆ ಪಕ್ಕವಾದ್ಯದವರಾದರು. ಮುದ್ರಿಕೆಯ ಒಳಗೆ ಗೆದ್ದದ್ದನ್ನು ಹೊದಿಕೆಯ ಮೇಲೆ ಕಳೆದುಕೊಂಡಂತಾಯಿತು.

ಇನ್ನೊಂದು ಕಾರಣ ನಮ್ಮದು. ಕನ್ನಡನಾಡಿನಲ್ಲಿ ಸಂಗೀತ ಕೊಳ್ಳುವವರ ಕಪಾಟಿನಲ್ಲಿ ಖಾನೆಗಳು ನಿಗದಿಯಾಗಿದ್ದವು. ಒಂದರಲ್ಲಿ ಸಿನಿಮಾ, ಇನ್ನೊಂದರಲ್ಲಿ ಶಾಸ್ತ್ರೀಯ, ಮತ್ತೊಂದರಲ್ಲಿ ಭಕ್ತಿಗೀತೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದ ಮೇಲೆ ಭಾವಗೀತೆಗೂ ಒಂದು ಖಾನೆ ತೆರೆಯಿತು. ಕ್ಯಾಸೆಟ್ಟಿನ ಯುಗ ಅದನ್ನು ಮನೆಮನೆಗೆ ಮುಟ್ಟಿಸಿತು. ಮಾತಿನ ಆಸರೆ ಕಡಿಮೆಯಿರುವ, ಲಯವೇ ಮುಂದಾದ ಸಂಗೀತಕ್ಕೆ ಮಾತ್ರ ಯಾವ ಖಾನೆಯೂ ಇರಲಿಲ್ಲ. ನಾಡಿನವರು ವಾದ್ಯವೊಂದನ್ನು ಎದೆಗೆ ಹಚ್ಚಿಕೊಂಡದ್ದಕ್ಕೂ ಹೆಚ್ಚಾಗಿ ಸಿನಿಮಾ ಬೇಕಾಯಿತು: 1977ರ 'ಸನಾದಿ ಅಪ್ಪಣ್ಣ'ದಲ್ಲಿ ರಾಜಕುಮಾರ್ ತುಟಿಗೆ ಬಿಸ್ಮಿಲ್ಲಾ ಖಾನರ ಶಹನಾಯಿ ಬಂದಾಗ ಅದು ಎಲ್ಲರದಾಯಿತು. 'ಜ್ಯೋತಿ'ಗೆ ಕಥೆಯೂ ಇಲ್ಲ, ನಾಯಕನೂ ಇಲ್ಲ.

1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದು, 'ಫ್ಯೂಷನ್' ಎಂಬ ಮಾತು ಎಲ್ಲರ ಬಾಯಿಗೆ ಬಿತ್ತು. ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಅವರ 'ಕಲೋನಿಯಲ್ ಕಸಿನ್ಸ್' 1996ರಲ್ಲಿ ಬಂದು ಜನಪ್ರಿಯವಾಯಿತು. ಆ ಭರಾಟೆಯಲ್ಲಿ ಹಳೆಯ ಪ್ರಯೋಗಗಳನ್ನು ಹಿಂದಿರುಗಿ ನೋಡುವ ವ್ಯವಧಾನ ಯಾರಿಗಿತ್ತು? ಬೆಂಗಳೂರಿನ ತಂಡ ಮತ್ತು ಮರಿಯಾನೊ ಅವರ ನಂಟು ಮಾತ್ರ ಆ ದಶಕದಲ್ಲಿಯೂ ಕಡಿಯಲಿಲ್ಲ. 1998ರಲ್ಲಿ ಅವರು ಕೂಡಿ ತಂದ ಆಲ್ಬಂ ಒಂದಕ್ಕೆ ಇಟ್ಟ ಹೆಸರೇ 'ಬ್ಯಾಂಗಲೋರ್'. ಊರಿನ ಹೆಸರು ಹೊತ್ತ ಆ ಆಲ್ಬಮ್ಮನ್ನೂ ಊರು ಹೆಚ್ಚಾಗಿ ಗಮನಿಸಲಿಲ್ಲ.

ಉಳಿದ ಎಳೆ

ಈ ಪ್ರಯೋಗ ಒಂಟಿಯಾಗಿ ನಿಂತುಹೋಯಿತೆಂದು ಭಾವಿಸಬೇಕಿಲ್ಲ. 2008ರಲ್ಲಿ ಅಮೆರಿಕದಲ್ಲಿ 'ಕಿನ್ಸ್‌ಮೆನ್' ಎಂಬ ಆಲ್ಬಂ ಬಂತು. ಅಲ್ಲಿ ಜತೆಗೂಡಿದವರು ಕದ್ರಿ ಗೋಪಾಲನಾಥ್ ಮತ್ತು ರುದ್ರೇಶ್ ಮಹಾಂತಪ್ಪ. ಕನ್ನಡದ ಮನೆತನದಿಂದ ಬಂದ, ಅಮೆರಿಕದಲ್ಲೇ ಬೆಳೆದ ರುದ್ರೇಶ್ ಇಂದಿನ ಜಾಜ್ ಲೋಕದ ಪ್ರಮುಖ ಆಲ್ಟೊ ಸ್ಯಾಕ್ಸೊಫೋನ್ ವಾದಕರಲ್ಲಿ ಒಬ್ಬರು. 1983ರಲ್ಲಿ ಬಾಸ್ಟನ್ನಿನ ಆಲ್ಟೊ ಬೆಂಗಳೂರಿನ ತಾಳಕ್ಕೆ ಹೊಂದಿಕೊಂಡಿತ್ತು. ಕಾಲು ಶತಮಾನದ ಬಳಿಕ ಆಲ್ಟೊ ನುಡಿಸಿದವರಿಬ್ಬರ ಮೂಲವೂ ಕನ್ನಡನಾಡೇ ಆಗಿತ್ತು. ಇವುಗಳ ನಡುವೆ ನೇರ ಗುರುಶಿಷ್ಯ ಸಂಬಂಧವೇನೂ ಇಲ್ಲ. ಆದರೆ ಸ್ವರಮೇಳದ ಹಾಸಿಲ್ಲದೆಯೂ ಸ್ಯಾಕ್ಸೊಫೋನ್ ನಮ್ಮ ತಾಳದ ಮೇಲೆ ನಡೆಯಬಲ್ಲದು ಎಂಬುದನ್ನು 'ಜ್ಯೋತಿ' ಅದಾಗಲೇ ತೋರಿಸಿಯಾಗಿತ್ತು.

ಮರಿಯಾನೊ 2009ರಲ್ಲಿ ಕಲೋನ್‌ನಲ್ಲಿ ತೀರಿಕೊಂಡರು. ಕದ್ರಿ ಗೋಪಾಲನಾಥ್ 2019ರಲ್ಲಿ, ಟಿ.ಎ.ಎಸ್. ಮಣಿ 2020ರಲ್ಲಿ ಅಗಲಿದರು. ಇಸಿಎಂ ಸಂಸ್ಥೆ 2017ರ ನವೆಂಬರಿನಲ್ಲಿ ತನ್ನ ಮುದ್ರಿಕೆಗಳ ಭಂಡಾರವನ್ನು ಅಂತರಜಾಲದ ಸಂಗೀತ ತಾಣಗಳಿಗೆ ತೆರೆದಿಟ್ಟಿತು. ಒಂದು ಕಾಲಕ್ಕೆ ಜರ್ಮನಿಯಿಂದ ತರಿಸಬೇಕಾಗಿದ್ದ ಮುದ್ರಿಕೆಗಳನ್ನು ಕೇಳಲು ಈಗ ಅಷ್ಟು ದೂರ ಹೋಗಬೇಕಿಲ್ಲ.

ಕೇಳುವುದರ ಜತೆಗೆ ಮಾಡಬೇಕಾದ ಸಣ್ಣ ಕೆಲಸ ಇನ್ನೊಂದಿದೆ. ಕರ್ನಾಟಕದ ಸಂಗೀತದ ಚರಿತ್ರೆ ಬರೆಯುವಾಗ ಲಯವಾದ್ಯದವರಿಗೆ ಮೀಸಲಾದ ಪುಟಗಳು ಕಡಿಮೆ. ಅದರಲ್ಲೂ ಹೊರನಾಡಿನಲ್ಲಿ ಮುದ್ರಣವಾದದ್ದು ಲೆಕ್ಕಕ್ಕೇ ಬರುವುದಿಲ್ಲ. 1983ರ ಆ ಮುದ್ರಿಕೆಯನ್ನು ನಮ್ಮ ಪಟ್ಟಿಯಲ್ಲಿ ಸೇರಿಸುವಾಗಲಾದರೂ ಹೆಸರುಗಳ ಕ್ರಮ ಬದಲಿಸಬಹುದು. ಮೊದಲು ರಮಾಮಣಿ, ಆಮೇಲೆ ಮಣಿ, ರಾಜಗೋಪಾಲ್, ಶಶಿಕುಮಾರ್, ಅವರ ಜತೆಯಲ್ಲಿ, ಪಕ್ಕವಾದ್ಯವಾಗಿ, ಚಾರ್ಲಿ ಮರಿಯಾನೊ. ಐವತ್ತರ ವಯಸ್ಸಿನಲ್ಲಿ ನಾಗಸ್ವರ ಹಿಡಿದು ಕಲಿಯಲು ಕುಳಿತ ಆ ಮನುಷ್ಯ ಇದಕ್ಕೆ ಬೇಸರಪಟ್ಟುಕೊಳ್ಳುತ್ತಿದ್ದರೆಂದು ಅನಿಸುವುದಿಲ್ಲ.